ರಂಗಶಾಲೆ ಸಂದರ್ಶನಕ್ಕ ಮೂರು ವಾರ ಉಳಿದಾವು, ನನ್ನ ಭಾಷಾ ಬಿಟ್ಟು ಹೋಗ್ಬೇಕೇನ್ರೀ?

ಮಲಪ್ರಭಾ ದಂಡಿ · ಸೋಮವಾರ, ರಾತ್ರಿ 10:40

ಎಲ್ಲಾರಿಗೂ ನಮಸ್ಕಾರ್ರೀ. ನಾನು ಗದಗ ಜಿಲ್ಲಾ ರೋಣ ತಾಲ್ಲೂಕಿನಾಂವ, ವಯಸ್ಸು 22. ಬಿ.ಎ. ಮುಗಿಸಿ ಗೊಬ್ಬರದ ಅಂಗಡ್ಯಾಗ ಲೆಕ್ಕ ಬರೀತೀನಿ. ಒಂದು ವರ್ಷದ ರಂಗ ಡಿಪ್ಲೊಮಾಕ್ಕ ಅರ್ಜಿ ಹಾಕಿದ್ದೆ, ಸಂದರ್ಶನಕ್ಕ ಬರ್ರಿ ಅಂತ ಪತ್ರ ಬಂದೈತಿ. ಯಾವ ಶಾಲಿ ಅಂತ ಇಲ್ಲೆ ಹಾಕೂದಿಲ್ಲ. ಪತ್ರದಾಗ ಇರೂದು ಇಷ್ಟ: ಮೂರ್ನಾಕು ನಿಮಿಷದ ಒಂದು ಅಭಿನಯ, ಒಂದು ಹಾಡು, ಸಡ್ಲ ಬಟ್ಟಿ.

ನಾಟಕ ನನಗ ಹೊಸಾದಲ್ಲ. ನಮ್ಮ ಸೋದರಮಾವ ಶ್ರೀಕೃಷ್ಣ ಪಾರಿಜಾತ ಬಯಲಾಟದಾಗ ಭಾಗವತನ ಪಾತ್ರ ಮಾಡ್ತಾನ. ಸಣ್ಣಾಂವ ಇದ್ದಾಗಿಂದ ಚಾಪಿ ಹಾಸ್ಕೊಂಡು ಬೆಳಕು ಹರಿಯೂ ಮಟಾ ನೋಡೇನಿ. ಬನಶಂಕರಿ ಜಾತ್ರ್ಯಾಗ ಕಂಪನಿ ನಾಟಕ ಒಂದೂ ಬಿಟ್ಟಿಲ್ಲ. ಕಾಲೇಜಿನ್ಯಾಗ ಎರಡು ನಾಟಕ ಮಾಡೇನಿ.

ಆದ್ರ ಹೋದ ವರ್ಷ ಬೆಂಗಳೂರಾಗ ಒಂದು ತಂಡದ ಆಡಿಷನ್‌ಗೆ ಹೋಗಿದ್ದೆ. ಎರಡು ಸಾಲು ಹೇಳೂದ್ರಾಗ ನಿಲ್ಲಿಸಿ, ‘ಮೊದಲು ಶುದ್ಧ ಕನ್ನಡ ಕಲಿತು ಬಾಪ್ಪಾ’ ಅಂದ್ರು. ಹಿಂದ ಕುಂತ ಹುಡುಗರು ನಕ್ಕರು. ಅವತ್ತಿಂದ ಎದ್ಯಾಗ ಒಂದು ಅಂಜಿಕಿ ಕುಂತುಬಿಟ್ಟೈತಿ. ಈಗ ದಿನಾ ರೇಡಿಯೊ ವಾರ್ತೆ ಕೇಳಿ ಹಂಗ ಮಾತಾಡಾಕ ನೋಡ್ತೀನಿ. ನಮ್ಮವ್ವ ‘ಯಾಕೋ, ಬ್ಯಾಂಕಿನ ಸಾಹೇಬ್ರ ಗತೆ ಮಾತಾಡಾಕತ್ತಿ’ ಅಂತಾಳ.

ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದಾಗಿನ ಸುಲ್ತಾನನ ಮಾತು ಬಾಯಿಪಾಠ ಮಾಡೇನಿ. ಅದು ಸಾಕೇನು? ನನ್ನ ಭಾಷಾ ಮುಚ್ಚಿಟ್ಟು ಹೋಗ್ಬೇಕೇನು? ಅಲ್ಲೆ ಮತ್ತೇನು ಕೇಳ್ತಾರು? ಗೊತ್ತಿದ್ದವರು ಹೇಳ್ರಿ.

ರಂಗದ ಹಿಂದೆ · ಸೋಮವಾರ, ರಾತ್ರಿ 11:25

ತಮ್ಮಾ, ಮೊದಲು ಆ ರೇಡಿಯೊ ವಾರ್ತೆ ನಿಲ್ಲಿಸು.

ನಾನು ವಿಜಯಪುರ ಜಿಲ್ಲೆಯವಳು. 2009ರಲ್ಲಿ ಹೀಗೇ ಒಂದು ವರ್ಷದ ಕೋರ್ಸಿಗೆ ಸೇರಿದೆ, ಈಗ ಶಾಲೆಗಳಿಗೆ ಹೋಗಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ನಿನ್ನ ಅಂಜಿಕೆ ನನಗೂ ಇತ್ತು. ನನ್ನ ಸಂದರ್ಶನದ ದಿನ ಏನಾಯಿತು ಅಂತ ಹೇಳುತ್ತೇನೆ, ಓದು.

ಒಂದು ಐತಿಹಾಸಿಕ ನಾಟಕದ ರಾಣಿಯ ಮಾತು ಕಲಿತು ಹೋಗಿದ್ದೆ. ಒಂದೂ ಅಕ್ಷರ ತಪ್ಪದಂತೆ ಹೇಳಿದೆ. ಎದುರಿಗೆ ಕೂತವರ ಮುಖದಲ್ಲಿ ಏನೂ ಕಾಣಲಿಲ್ಲ. ಅವರಲ್ಲೊಬ್ಬರು, ‘ಮನೆಯಲ್ಲಿ ದಿನಾ ಏನು ಕೆಲಸ ಮಾಡ್ತೀಯಮ್ಮಾ?’ ಅಂತ ಕೇಳಿದರು. ‘ರೊಟ್ಟಿ ಬಡೀತೀನ್ರಿ’ ಅಂದೆ. ‘ಮಾತಿಲ್ಲದೆ ಅದನ್ನೇ ಮಾಡು ನೋಡೋಣ’ ಅಂದರು.

ಕೆಳಗೆ ಕೂತೆ. ಎಸರು ಕುದಿ ಬಂದಿದೆಯಾ ಅಂತ ಬಗ್ಗಿ ನೋಡಿದೆ. ಹಿಟ್ಟಿನ ನಡುವೆ ಗುಣಿ ಮಾಡಿ ಎಸರು ಹೊಯ್ದೆ. ಸುಡುತ್ತದಲ್ಲ, ಮೊದಲು ಚಮಚದ ಹಿಡಿಯಿಂದ ಕಲಸಿದೆ, ಆಮೇಲೆ ಕೈ ಹಾಕಿದೆ. ನಾದುವಾಗ ಅಂಗೈ ಬುಡದಿಂದ ಒತ್ತಬೇಕು, ಒತ್ತಿದಾಗ ಭುಜ ಮುಂದೆ ಬರುತ್ತದೆ. ಅದು ತಾನಾಗಿಯೇ ಬಂತು. ಮುದ್ದಿ ಮಾಡಿ, ಕೆಳಗೆ ಹಿಟ್ಟು ಉದುರಿಸಿ ಬಡಿಯತೊಡಗಿದೆ. ಬಲಗೈ ಬಡಿಯುತ್ತದೆ, ಎಡಗೈ ಅಂಚನ್ನು ಸಂಬಾಳಿಸುತ್ತದೆ, ಬಡಿತದ ಲಯಕ್ಕೆ ರೊಟ್ಟಿ ತಿರುಗುತ್ತದೆ. ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವಾಗ ಉಗಿ ಬಂತು ಅಂತ ಮುಖ ಪಕ್ಕಕ್ಕೆ ತಿರುಗಿಸಿದೆ. ಹಂಚಿಲ್ಲ, ಒಲೆಯಿಲ್ಲ, ಬರೀ ಸಿಮೆಂಟಿನ ನೆಲ. ಮೂರನೇ ರೊಟ್ಟಿ ಹೊತ್ತಿಗೆ ‘ಮನೇಲಿ ಎಷ್ಟು ಜನ?’ ಅಂತ ಕೇಳಿದರು. ಕೈ ನಿಲ್ಲಿಸದೆ ‘ಒಂಬತ್ತ ಮಂದಿ ಅದೀವ್ರಿ’ ಅಂದೆ. ನಮ್ಮೂರ ಮಾತು, ನಮ್ಮೂರ ಧಾಟಿಯಲ್ಲೇ ಬಂತು. ಆಗ ಅವರು ಪೆನ್ನು ಕೈಗೆ ತಗೊಂಡರು.

ರಾಣಿಯ ಮಾತು ಹೇಳುವಾಗ ನನ್ನ ಗಮನವೆಲ್ಲ ನಾಲಿಗೆ ಮೇಲಿತ್ತು. ಎಲ್ಲಿ ‘ಐತಿ’ ಅಂದುಬಿಡುತ್ತೀನೋ ಅಂತ ಕಾವಲು ಕಾಯುತ್ತಿದ್ದೆ. ಕೈಕಾಲು ಏನು ಮಾಡುತ್ತಿದ್ದವು ಅಂತ ಇವತ್ತಿಗೂ ನೆನಪಿಲ್ಲ. ನೀನೂ ಈಗ ಅದೇ ಕಾವಲಿಗೆ ಕೂತಿದ್ದೀಯ. ಅದರಿಂದ ಎದ್ದು ಬಾ, ಮಿಕ್ಕದ್ದು ಕಲಿಯಬಹುದು.

ಒಂದು ಕೆಲಸ ಕೊಡುತ್ತೇನೆ. ಗೊಬ್ಬರದ ಅಂಗಡಿಗೆ ದಿನಾ ಮಂದಿ ಬರುತ್ತಾರಲ್ಲ, ಅವರನ್ನು ನೋಡು. ಯಾರು ಹೇಗೆ ನಿಲ್ಲುತ್ತಾರೆ, ಕೈ ಎಲ್ಲಿ ಇಟ್ಟುಕೊಳ್ಳುತ್ತಾರೆ. ವಾರ ಬಿಟ್ಟು ಇಲ್ಲಿ ಬರೆ.

ಹಳೇ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 6:10

ಮಗೂ, ನಾನು ಮಂಡ್ಯ ಸೀಮೆಯವನು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ನಿನಗೆ ‘ಶುದ್ಧ ಕನ್ನಡ ಕಲಿತು ಬಾ’ ಅಂದವರು ಎರಡು ಬೇರೆ ವಿಷಯಗಳನ್ನು ಒಂದೇ ಗಂಟು ಕಟ್ಟಿದ್ದಾರೆ. ಅದನ್ನು ಬಿಚ್ಚಿ ನೋಡಬೇಕು.

ಒಂದು, ಊರಿನ ಸೊಗಡು. ಅದನ್ನು ಬಿಡುವ ಮಾತೇ ಇಲ್ಲ. ನಿನ್ನ ಉತ್ತರ ಕರ್ನಾಟಕದ ಮಾತಿನಲ್ಲೇ ನಾಟಕ ಬರೆದ ಚಂದ್ರಶೇಖರ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಬಂತು. ಅವರ ‘ಜೋಕುಮಾರಸ್ವಾಮಿ’ಯ ಮಾತುಗಳನ್ನು ನಮ್ಮ ಮೈಸೂರು ಕಡೆಯ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಹೇಳಿದರೆ ನಾಟಕವೇ ಉಳಿಯುವುದಿಲ್ಲ. ನಿನ್ನ ಹಾಗೆ ಆ ಮಾತನ್ನು ಉಸಿರಿನ ಜೊತೆಗೇ ಕಲಿತವರು ಸಿಗಬೇಕು ಅಂತ ಹುಡುಕುವವರಿದ್ದಾರೆ.

ಇನ್ನೊಂದು, ಉಚ್ಚಾರ. ಇದು ಎಲ್ಲ ಸೀಮೆಯವರಿಗೂ ಇರುವ ತೊಡಕು. ನಮ್ಮ ಕಡೆ ಹುಡುಗರ ಬಾಯಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಅಕ್ಕಿ’ ‘ಹಕ್ಕಿ’ಯಾಗಿ ಹಾರಿಹೋಗುತ್ತದೆ. ಮಹಾಪ್ರಾಣ ಬಹಳ ಕಡೆ ಕಳೆದೇ ಹೋಗಿದೆ. ‘ಭಾರ’ಕ್ಕೂ ‘ಬಾರ’ಕ್ಕೂ ವ್ಯತ್ಯಾಸ ಕೇಳಿಸುವುದಿಲ್ಲ. ಶ, ಷ, ಸ ಮೂರೂ ಒಂದೇ. ಹಳ್ಳಿಯ ಗೌಡನ ಪಾತ್ರಕ್ಕೆ ‘ಆಲು’ ಚೆನ್ನ. ಅದೇ ನಟ ಮರುದಿನ ಆಸ್ಥಾನದ ಮಂತ್ರಿಯಾದರೆ ‘ಹಾಲು’ ಬರಬೇಕು. ನಟನ ನಾಲಿಗೆಗೆ ಎರಡೂ ದಾರಿ ಗೊತ್ತಿರಬೇಕು. ಊರ ಮಾತು ಬಿಡದೆಯೂ ಇದು ಆಗುತ್ತದೆ, ನಾನು ಮಕ್ಕಳಿಗೆ ಮಾಡಿಸಿದ್ದೇನೆ.

ದಿನಾ ಅರ್ಧ ಗಂಟೆ ಪತ್ರಿಕೆಯ ಸಂಪಾದಕೀಯವನ್ನು ದೊಡ್ಡ ದನಿಯಲ್ಲಿ ಓದು. ಅವಸರ ಬೇಡ. ಆಮೇಲೆ ಕುವೆಂಪು ಅವರ ‘ಸ್ಮಶಾನ ಕುರುಕ್ಷೇತ್ರಂ’ನಂಥ ಸರಳ ರಗಳೆಯ ನಾಟಕದ ಎರಡು ಪುಟ. ಸರಳ ರಗಳೆಯಲ್ಲಿ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ. ಸಾಲು ಮುಗಿದಲ್ಲಿ ನಿಲ್ಲಬೇಡ, ಅರ್ಥ ಮುಗಿದಲ್ಲಿ ನಿಲ್ಲು. ವಾಕ್ಯ ಮುಂದಿನ ಸಾಲಿನ ನಡುವೆ ಮುಗಿಯುತ್ತಿರುತ್ತದೆ. ಹೀಗೆ ಓದುವಾಗ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಎಷ್ಟೋ ಹುಡುಗರು ದನಿ ಇದ್ದೂ ಉಸಿರು ಸಾಲದೆ ವಾಕ್ಯದ ಕೊನೆಯನ್ನು ನುಂಗಿಬಿಡುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಇರುವುದೇ ಕೊನೆಯಲ್ಲಿ. ಅದನ್ನು ನುಂಗಿದರೆ ಹೊಡೆದನೋ ಹೊಡೆಸಿಕೊಂಡನೋ ಕೇಳುವವರಿಗೆ ತಿಳಿಯುವುದು ಹೇಗೆ?

ಮಲಪ್ರಭಾ ದಂಡಿ · ಮಂಗಳವಾರ, ಮಧ್ಯಾಹ್ನ 2:15

ಅಕ್ಕಾ, ಸರ್, ಅಂಗಡ್ಯಾಗ ಕುಂತು ಓದಿದೆ. ಕಣ್ಣಾಗ ನೀರು ಬಂತು. ರೇಡಿಯೊ ಬಂದ್ ಮಾಡೇನ್ರಿ. ‘ಭಾರ’ ‘ಬಾರ’ ಹೇಳಿ ನೋಡ್ದೆ, ಖರೇ ಹೇಳ್ಬೇಕಂದ್ರ ನಂದೂ ಒಂದ ಆಗ್ತೈತಿ. ಇವತ್ತಿಂದ ಓದ್ತೀನಿ.

ಬೆಳಕು ನೆರಳು · ಮಂಗಳವಾರ, ರಾತ್ರಿ 9:50

ನಾನು ಬೆಳಕಿನ ಕೆಲಸದವನು. ಒಂದು ಕಡೆ ಆಯ್ಕೆ ನಡೆಯುವಾಗ ಹೆಸರು ಕರೆಯಲು, ಅರ್ಜಿ ಜೋಡಿಸಿಕೊಡಲು ಎರಡು ದಿನ ಕೋಣೆಯೊಳಗೇ ಇದ್ದೆ. ಅಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಒಂದೇ ದಿನ ಐದು ತುಘಲಕ್ ಬಂದರು. ಐವರೂ ಕೈ ಎತ್ತಿ, ಕಣ್ಣು ಅಗಲಿಸಿ, ದನಿ ನಡುಗಿಸಿ ಹೇಳಿದರು. ಕಾರ್ನಾಡರು ಅದನ್ನು ಬರೆದದ್ದು 1964ರಲ್ಲಿ, ಆಮೇಲೆ ಸಿ.ಆರ್. ಸಿಂಹ ಅವರ ತುಘಲಕ್ ನೋಡಿದವರು, ಅವರಿಂದ ಕೇಳಿದವರು, ಹೀಗೆ ಒಂದು ಧಾಟಿ ಬಾಯಿಂದ ಬಾಯಿಗೆ ಬಂದುಬಿಟ್ಟಿದೆ. ಹುಡುಗರು ಹೇಳುವುದು ಆ ಧಾಟಿಯನ್ನು. ನಾಟಕ ಪೂರ್ತಿ ಓದಿದ್ದೀರಾ ಅಂತ ಕೇಳಿದರೆ ಐವರಲ್ಲಿ ಒಬ್ಬನೇ ಹೂಂ ಅಂದ.

ಅದೇ ನಾಟಕದಲ್ಲಿ ಅಜೀಜ ಇದ್ದಾನೆ. ಅಗಸ. ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ನ್ಯಾಯದ ಕಾನೂನನ್ನೇ ತನ್ನ ಲಾಭಕ್ಕೆ ತಿರುಗಿಸಿಕೊಳ್ಳುತ್ತಾನೆ. 22 ವರ್ಷದ ಹುಡುಗನ ಮೈಗೆ, ದನಿಗೆ ಅವನು ಹತ್ತಿರದವನು. ದೊಡ್ಡ ಸುಲ್ತಾನನ ದಣಿವು ನಿಮಗೆ ಈಗಲೇ ಎಲ್ಲಿಂದ ಬರಬೇಕು?

ಇನ್ನು ಆ ಮೂರ್ನಾಲ್ಕು ನಿಮಿಷ ಬರೀ ಬಾಗಿಲು. ನಿಜವಾದ ಆಯ್ಕೆ ಆಮೇಲೆ ಸುರುವಾಗುತ್ತದೆ. ಹೇಳಿ ಮುಗಿಸಿದ ಕೂಡಲೇ ಎದುರಿನವರು ಒಂದು ತಿರುವು ಕೊಡುತ್ತಾರೆ: ‘ಅದೇ ಮಾತನ್ನು, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗದ ಹಾಗೆ ಹೇಳಿ’, ‘ಬಾವಿಯಿಂದ ನೀರು ಸೇದುತ್ತಾ ಹೇಳಿ’. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಕೈ ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು ಅಂತ ಗಟ್ಟಿ ಮಾಡಿಕೊಂಡು ಬಂದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಪಿಸುದನಿಯಲ್ಲಿ ಹೇಳುತ್ತಾರೆ, ಆದರೆ ಕೈ ಮಾತ್ರ ಹಳೇ ಜಾಗದಲ್ಲೇ ಮೇಲೇಳುತ್ತದೆ. ಕೊಟ್ಟ ಸೂಚನೆಯನ್ನು ಕಿವಿಗೊಟ್ಟು ಕೇಳಿ, ಎರಡು ಗಳಿಗೆ ಸುಮ್ಮನಿದ್ದು, ಆಮೇಲೆ ಹೊಸದಾಗಿ ಮಾಡಲು ನೋಡಿದವರು, ಅದು ಪೂರಾ ಕೆಟ್ಟರೂ, ಪಟ್ಟಿಯಲ್ಲಿ ಉಳಿದರು.

ಒಬ್ಬ ಹುಡುಗ ನಡುವೆ ಮಾತು ಮರೆತ. ಕ್ಷಮಿಸಿ, ಇನ್ನೊಂದು ಸಲ ಅಂತ ಕೇಳಲಿಲ್ಲ. ಹಾಗೇ ನಿಂತ, ಪಾತ್ರ ಎಲ್ಲಿ ನಿಂತಿತ್ತೋ ಅಲ್ಲೇ. ಕೋಣೆಯೆಲ್ಲ ನಿಶ್ಶಬ್ದ. ಮಾತು ಮತ್ತೆ ನೆನಪಾಗಿ ಮುಂದುವರಿಸಿದ. ಆಮೇಲೆ ಆಯ್ಕೆ ಮಾಡುವವರು ಊಟದ ಹೊತ್ತಿಗೆ ಮಾತಾಡಿದ್ದು ಆ ಸುಮ್ಮನಿದ್ದ ಹೊತ್ತಿನ ಬಗ್ಗೆಯೇ.

ಹಳೇ ಮೇಷ್ಟ್ರು · ಬುಧವಾರ, ಬೆಳಿಗ್ಗೆ 6:00

ಬೆಳಕಿನವರ ಮಾತು ಬಹುಪಾಲು ಒಪ್ಪಿದೆ. ಆದರೆ ದೊಡ್ಡ ಪಾತ್ರ ಬೇಡ ಅನ್ನುವುದಕ್ಕೆ ನನ್ನ ಸಹಮತವಿಲ್ಲ. ಎತ್ತರದ ಮಾತನ್ನು ಎತ್ತಿ ನೋಡುವ ವಯಸ್ಸೇ 22. ಹುಡುಗರಿಗೆ ಅಗಸನ ಪಾತ್ರವೇ ಸಾಕು ಅಂದುಬಿಟ್ಟರೆ ಸುಲ್ತಾನನ ಕನ್ನಡ ಯಾರ ಬಾಯಲ್ಲಿ ಉಳಿಯಬೇಕು?

ಬೆಳಕು ನೆರಳು · ಬುಧವಾರ, ರಾತ್ರಿ 8:30

ಮೇಷ್ಟ್ರೇ, ನಾನು ಹೇಳಿದ್ದು ಕಲಿಯಲು ಹೋಗುವ ಬಾಗಿಲ ಬಗ್ಗೆ. ಸೇರಿದ ಮೇಲೆ ಇಡೀ ವರ್ಷ ಸುಲ್ತಾನನನ್ನೇ ಮಾಡಲಿ. ಮೂರು ನಿಮಿಷದಲ್ಲಿ ಹುಡುಗ ಕಾಣಬೇಕು, ಬೇರೆಯವರ ಧಾಟಿ ಕಾಣಬಾರದು. ಹಾಗೊಮ್ಮೆ ತುಘಲಕ್‌ನನ್ನೇ ಮಾಡುವುದಾದರೆ, ಮೊದಲು ಆ ಮಾತನ್ನು ತಮ್ಮನಿಗೆ ಹೇಳಿದ ಹಾಗೆ ಹೇಳಿ ನೋಡಲಿ. ಆಗಲೂ ಅದರಲ್ಲಿ ಏನಾದರೂ ಉಳಿದರೆ ತೆಗೆದುಕೊಂಡು ಹೋಗಲಿ.

ಕುಂದಾಪ್ರದ ಹುಡುಗಿ · ಬುಧವಾರ, ರಾತ್ರಿ 10:05

ನಾನು ಹತ್ತನೇ ವಯಸ್ಸಿನಿಂದ ಯಕ್ಷಗಾನ ಕಲಿತವಳು. ನಮಗೆ ತೊಂದರೆ ನಿಮ್ಮದಕ್ಕೆ ತಿರುಗಾಮುರುಗಾ. ಚೆಂಡೆ ಎದುರು ಮಾತಾಡಿ ಬೆಳೆದ ಗಂಟಲು, ಸಣ್ಣ ಕೋಣೆಯಲ್ಲಿ ನಾಲ್ಕು ಜನರ ಮುಂದೆ ಎಷ್ಟು ದನಿ ಸಾಕು ಅಂತ ತಿಳಿಯುವುದಿಲ್ಲ. ನನ್ನ ಮೊದಲ ಸಂದರ್ಶನದಲ್ಲಿ ಕಿಟಕಿ ಗಾಜು ಗುಂಯ್ ಅಂದಿತ್ತು. ದನಿ ಇಳಿಸಿ ಅಂದರೆ ಜೀವವೇ ಇಳಿದುಹೋಗುತ್ತಿತ್ತು. ಜೀವ ಹಾಗೇ ಇಟ್ಟು ದನಿ ಮಾತ್ರ ಇಳಿಸಲು ನನಗೆ ಎರಡು ತಿಂಗಳು ಬೇಕಾಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದೇ ಮಾತನ್ನು ಅಜ್ಜಿಯ ಕಿವಿ ಹತ್ತಿರ ಹೇಳುತ್ತಿದ್ದೆ.

ಹಾಡಿನ ಬಗ್ಗೆ ಒಂದು ಮಾತು, ಯಾರೂ ಹೇಳಲಿಲ್ಲ. ಹೆದರಿದಾಗ ಎಲ್ಲರೂ ಶ್ರುತಿ ಮೇಲೆ ಹಿಡಿಯುತ್ತಾರೆ. ಪಲ್ಲವಿ ಹೇಗೋ ಆಗುತ್ತದೆ, ಚರಣಕ್ಕೆ ಹೋದಾಗ ಗಂಟಲು ಕಟ್ಟುತ್ತದೆ. ಅಲ್ಲಿ ಹಾರ್ಮೋನಿಯಂ ಇರುತ್ತದೆ ಅಂತ ನಂಬಬೇಡಿ. ಹಾಡಿನ ಅತಿ ಮೇಲಿನ ಸ್ವರ ಯಾವುದೋ ಅದನ್ನು ಮನಸ್ಸಲ್ಲೇ ಮುಟ್ಟಿ ನೋಡಿ, ಅಲ್ಲಿಂದ ಇಳಿದು ಬಂದು ಸುರು ಮಾಡಿ. ಮೇಲೆ ಹಿಡಿದದ್ದು ಗೊತ್ತಾದರೆ ನಿಲ್ಲಿಸಿ, ‘ಮತ್ತೆ ಸುರು ಮಾಡ್ತೇನೆ’ ಅಂತ ಹೇಳಿ. ಅದರಲ್ಲಿ ಮರ್ಯಾದೆ ಹೋಗುವುದು ಎಂತದ್ದೂ ಇಲ್ಲ.

ಮತ್ತೆ ಮಲಪ್ರಭಾ ಅವರೇ, ನೀವು ಪಾರಿಜಾತ ನೋಡಿ ಬೆಳೆದವರು. ಈ ಶಾಲೆಗಳಲ್ಲಿ ಆಶು ಅಭಿನಯ ಅಂತ ಮಾಡಿಸುತ್ತಾರೆ. ಸನ್ನಿವೇಶ ಕೊಟ್ಟು, ಬರೆದ ಮಾತಿಲ್ಲದೆ ಆಡಿ ಅನ್ನುವುದು. ಅನೇಕರು ಅದಕ್ಕೇ ಹೆದರುವುದು. ನಮ್ಮಲ್ಲಿ ಅರ್ಥಗಾರಿಕೆ ಅಂದರೆ ಅದೇ ಅಲ್ಲವಾ? ಪದ್ಯ ಭಾಗವತರದ್ದು, ಮಾತು ಅವತ್ತಿನದು, ಎದುರಿನವನು ಏನು ಹೇಳಿದ ಅನ್ನುವುದರ ಮೇಲೆ. ನಿಮ್ಮ ಮಾವನೂ ಪಾರಿಜಾತದ ಗೊಲ್ಲತಿ ಪಾತ್ರದ ಜೊತೆ ಮಾತಿಗೆ ನಿಂತಾಗ ಬರೆದದ್ದನ್ನು ಹೇಳುವುದಿಲ್ಲವಲ್ಲ. ಅವರ ಎದುರು ಗೊಲ್ಲತಿಯಾಗಿ ನಿಂತು ನಾಲ್ಕು ದಿನ ಮಾತಾಡಿ. ಅದಕ್ಕಿಂತ ಒಳ್ಳೆ ತಯಾರಿ ಬೆಂಗಳೂರಿನ ಯಾವ ಕಾರ್ಯಾಗಾರದಲ್ಲೂ ಸಿಗಲಿಕ್ಕಿಲ್ಲ.

ಮೈಸೂರು ಅಪ್ಪ · ಗುರುವಾರ, ಬೆಳಿಗ್ಗೆ 11:20

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳು ಬಿ.ಎಸ್ಸಿ. ಮುಗಿಸಿದಳು. ಈ ವರ್ಷ ರಂಗಶಾಲೆಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಮನೆಯಲ್ಲಿ ಮಾತು ಬಿಟ್ಟಿದ್ದಾಳೆ. ನಾನು ನಾಟಕದ ವಿರೋಧಿಯಲ್ಲ, ರಂಗಾಯಣದ ಬಹುರೂಪಿ ನಾಟಕೋತ್ಸವಕ್ಕೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದವನೇ ನಾನು. ಆದರೆ ಒಂದು ವರ್ಷ ಆದ ಮೇಲೆ ಏನು? ಅನ್ನ ಹುಟ್ಟುತ್ತದಾ? ಯಾರಾದರೂ ನಿಜ ಹೇಳಿ.

ರಂಗದ ಹಿಂದೆ · ಗುರುವಾರ, ಸಂಜೆ 7:00

ಸರ್, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕಷ್ಟ ಇದೆ. ನನ್ನ ತರಗತಿಯಲ್ಲಿದ್ದ ಎಲ್ಲರೂ ರಂಗಭೂಮಿಯಲ್ಲಿ ಉಳಿದಿಲ್ಲ. ಉಳಿದವರು ಒಂದೇ ಕೆಲಸ ಮಾಡುವವರಲ್ಲ. ಒಂದಷ್ಟು ತಿಂಗಳು ಯಾವುದಾದರೂ ರೆಪರ್ಟರಿಯಲ್ಲಿ, ಅಂದರೆ ಸಂಬಳ ಕೊಟ್ಟು ನಟರನ್ನು ಇಟ್ಟುಕೊಳ್ಳುವ ತಂಡದಲ್ಲಿ ತಿರುಗಾಟ, ಮಿಕ್ಕ ತಿಂಗಳು ಶಾಲೆಗಳಲ್ಲಿ ಮಕ್ಕಳ ನಾಟಕ, ಬೇಸಿಗೆ ಶಿಬಿರ, ನಡುವೆ ಧಾರಾವಾಹಿ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಾದವರೂ ಇದ್ದಾರೆ, ಆದರೆ ಆ ಹುದ್ದೆಗಳು ಕಡಿಮೆ. ನನ್ನ ಸಂಪಾದನೆ ಬ್ಯಾಂಕಿನಲ್ಲಿರುವ ನನ್ನ ತಂಗಿಯ ಅರ್ಧಕ್ಕೂ ಬರುವುದಿಲ್ಲ. ಆದರೆ ಹದಿನೈದು ವರ್ಷದಿಂದ ನಾನು ಯಾರ ಮುಂದೆಯೂ ಕೈ ಚಾಚಿಲ್ಲ.

ಹೆಗ್ಗೋಡಿನ ನೀನಾಸಮ್ 1949ರಲ್ಲಿ ಊರಿನ ಒಂದು ಹವ್ಯಾಸಿ ಸಂಘವಾಗಿ ಹುಟ್ಟಿದ್ದು, ರಂಗಶಿಕ್ಷಣ ಕೇಂದ್ರ ಸುರುವಾದದ್ದು 1980ರಲ್ಲಿ, ಊರೂರಿಗೆ ನಾಟಕ ಒಯ್ಯುವ ಅವರ ‘ತಿರುಗಾಟ’ ತಂಡ 1985ರಲ್ಲಿ. ಮೈಸೂರಿನಲ್ಲಿ ನಿಮ್ಮ ರಂಗಾಯಣ 1989ರಲ್ಲಿ. ಸಾಣೇಹಳ್ಳಿಯಲ್ಲಿ ಶಿವಸಂಚಾರ ಅನ್ನುವ ತಿರುಗುವ ನಾಟಕ ತಂಡ ಇದೆ. ಅಂದರೆ ಕಲಿತವರಿಗೆ ಮೊದಲ ವರ್ಷ ಎರಡು ವರ್ಷ ನಿಲ್ಲಲು ಜಾಗ ಇಲ್ಲದಿಲ್ಲ. ಅಷ್ಟರಲ್ಲಿ ಮಗಳಿಗೇ ಗೊತ್ತಾಗುತ್ತದೆ, ಇದು ತನ್ನ ದಾರಿಯೋ ಅಲ್ಲವೋ ಅಂತ.

ಹೆಣ್ಣುಮಕ್ಕಳ ವಸತಿ ಎಲ್ಲಿ, ರಾತ್ರಿ ತಾಲೀಮು ಮುಗಿದ ಮೇಲೆ ಹೇಗೆ ಹೋಗುತ್ತಾರೆ, ಕಿರುಕುಳದ ದೂರು ಯಾರಿಗೆ ಕೊಡಬೇಕು, ಇದೆಲ್ಲ ನೀವೇ ಹೋಗಿ ಕೇಳಿ. ಕೇಳಿದರೆ ತಪ್ಪು ತಿಳಿಯುವ ಶಾಲೆಗೆ ಕಳಿಸಬೇಡಿ. ನನ್ನ ಅಪ್ಪ ಬಂದು ಹಾಸ್ಟೆಲ್ಲಿನ ಬಾಗಿಲ ಚಿಲಕ ಹಾಕಿ ತೆಗೆದು ನೋಡಿ ಹೋಗಿದ್ದರು. ಆಗ ನಾಚಿಕೆಯಾಗಿತ್ತು. ಈಗ ನೆನೆದರೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ.

ಹಳೇ ಮೇಷ್ಟ್ರು · ಶುಕ್ರವಾರ, ಬೆಳಿಗ್ಗೆ 6:15

ಮೈಸೂರಿನವರೇ, ರಂಗಾಯಣ ಕಟ್ಟಿದ ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದವರು. ಗುಬ್ಬಿ ವೀರಣ್ಣನವರೇ ಅವರನ್ನು ಓದಲೆಂದು ಬನಾರಸ್‌ಗೆ ಕಳಿಸಿದರು. ನಿಮ್ಮ ಮಗಳು ಓಡಿಹೋಗದೆ ಎದುರು ನಿಂತು ಕೇಳುತ್ತಿದ್ದಾಳೆ. ಜೊತೆಯಲ್ಲಿ ಹೋಗಿ ಬನ್ನಿ.

ಹೊಸಬ ತುಮಕೂರು · ಶುಕ್ರವಾರ, ಮಧ್ಯಾಹ್ನ 1:40

ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೂ (ಎನ್‌ಎಸ್‌ಡಿ) ಇದೇ ತಯಾರಿ ಸಾಕಾ?

ಬೆಳಕು ನೆರಳು · ಶುಕ್ರವಾರ, ರಾತ್ರಿ 9:00

ಅಲ್ಲಿ ಮೂರು ವರ್ಷದ ಕೋರ್ಸು, ಮೊದಲ ಸುತ್ತು ಬೇರೆ ಬೇರೆ ಊರುಗಳಲ್ಲಿ ನಡೆಯುತ್ತದೆ. ಅದರಲ್ಲಿ ಆದವರನ್ನು ದೆಹಲಿಗೆ ಕರೆಸಿ ಕೆಲವು ದಿನ ಕಾರ್ಯಾಗಾರ ಮಾಡಿಸಿ ಕೊನೆಯ ಪಟ್ಟಿ ಮಾಡುತ್ತಾರೆ. ಪಾಠ ಹಿಂದಿ, ಇಂಗ್ಲಿಷಿನಲ್ಲಿ. ಬೆಂಗಳೂರು ಕೇಂದ್ರದ ಕೋರ್ಸು ಒಂದೇ ವರ್ಷದ್ದು. ಮೊದಲು ಕನ್ನಡದಲ್ಲಿ ಒಂದು ವರ್ಷ ಕಲಿತು ದೆಹಲಿಗೆ ಹೋದವರನ್ನು ನಾನು ಕಂಡಿದ್ದೇನೆ, ಅವರು ಅಲ್ಲಿ ಕಡಿಮೆ ತಡವರಿಸಿದರು.

ಮಲಪ್ರಭಾ ದಂಡಿ · ಎರಡನೇ ಮಂಗಳವಾರ, ರಾತ್ರಿ 11:05

ಅಕ್ಕಾ, ನೀವು ಕೊಟ್ಟ ಕೆಲಸ ಮಾಡೇನಿ. ಮಳಿ ಆಗೈತಿ, ಬಿತ್ತೂ ಟೈಮು, ಅಂಗಡ್ಯಾಗ ಮಂದಿ ಭಾಳ. ಇವತ್ತ ಒಬ್ಬ ಅಜ್ಜ ಬಂದಿದ್ದ. ಉದ್ರಿ ಕೇಳಾಕ ಬಂದಾನ ಅಂತ ಬಾಗಲಾಗ ನಿಂತಾಗ ಗೊತ್ತಾತು. ರೊಕ್ಕ ಇದ್ದಾಂವ ಸೀದಾ ಕೌಂಟರಿಗೆ ಬರ್ತಾನ. ಈ ಅಜ್ಜ ಮೊದಲು ಚೀಲದ ಸಾಲಿನ ಕಡೆ ಹೋದ. ಒಂದು ಡಿಎಪಿ ಗೊಬ್ಬರದ ಚೀಲದ ಮ್ಯಾಲೆ ಕೈ ಇಟ್ಟು, ದನದ ಬೆನ್ನ ಸವರಿದಂಗ ಸವರಿದ. ಆಮ್ಯಾಲೆ ಬೀಜದ ರೇಟು ಕೇಳಿದ, ಬೆಳಿಗೆ ಹೊಡಿಯೂ ಎಣ್ಣಿ ರೇಟು ಕೇಳಿದ, ಅವ್ಯಾವೂ ಅವಂಗ ಬೇಕಾಗಿರಲಿಲ್ಲ. ಹೆಗಲ ಮ್ಯಾಲಿನ ಟವೆಲ್ ತಗದು ಕೈಯಾಗ ಮಡಚಿದ, ಬಿಚ್ಚಿದ, ಮತ್ತ ಮಡಚಿದ. ಮಾಲಕರು ಮ್ಯಾಲೆ ನೋಡಿದ ಕೂಡ್ಲೆ ಟವೆಲ್ ಕೈ ಎರಡೂ ಹೊಟ್ಟಿ ಹತ್ರ ಬಂದ್ವು. ‘ಎರಡ ಚೀಲರಿ, ಸುಗ್ಗಿಗೆ’ ಅಂದ. ಅಷ್ಟ. ಇದನ್ನ ಮೂರು ವರ್ಷದಿಂದ ದಿನಾ ನೋಡಾಕತ್ತೇನಿ, ಇವತ್ತ ಮೊದಲನೇ ಸಲ ಕಂಡಂಗಾತು.

ಮನಿಗೆ ಬಂದು ಅಜೀಜನ ಮಾತು ಹೇಳಿ ನೋಡ್ದೆ. ಅಂವಂಗ ಟವೆಲ್ ಮಡಚೂ ಕೈ ಕೊಟ್ಟೆ, ಬ್ರಾಹ್ಮಣನ ವೇಷದಾಗ ಇದ್ರೂ ಕೈ ಮಾತ್ರ ಬಡವನ್ದು. ಮಾವ ನೋಡಿ ‘ಇದು ನಡೀತೈತಿ’ ಅಂದ. ಅವನ ಬಾಯಾಗ ಅಷ್ಟು ಬಂದ್ರ ದೊಡ್ಡದ್ರಿ.

ರಂಗದ ಹಿಂದೆ · ಎರಡನೇ ಮಂಗಳವಾರ, ರಾತ್ರಿ 11:30

ತಮ್ಮಾ, ಆ ಕೈಯನ್ನು ಇನ್ನು ತಿದ್ದಬೇಡ, ಹೆಚ್ಚು ಮಾಡಬೇಡ. ಒಂದೇ ಸಲ ಮಡಚಿದರೂ ಸಾಕು.

ಹೋಗುವ ಮುಂಚಿನ ದಿನ ಗಂಟಲಿಗೆ ಹೊಸದೇನೂ ಹಾಕಬೇಡ. ಯಾರೋ ಹೇಳಿದರು ಅಂತ ಶುಂಠಿ, ಮೆಣಸು ಅರೆದು ಕುಡಿದು ನಮ್ಮ ಹುಡುಗಿಯೊಬ್ಬಳಿಗೆ ದನಿಯೇ ಹೊರಡಲಿಲ್ಲ. ಬೆಚ್ಚಗಿನ ನೀರು, ಹೊತ್ತಿಗೆ ಊಟ, ನಿದ್ದೆ. ರಾತ್ರಿ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಇಳಿದು ಸೀದಾ ಸಂದರ್ಶನಕ್ಕೆ ನಿಲ್ಲಬೇಡ, ಒಂದು ದಿನ ಮುಂಚೆ ಮುಟ್ಟು.

ಕುಂದಾಪ್ರದ ಹುಡುಗಿ · ಎರಡನೇ ಬುಧವಾರ, ಬೆಳಿಗ್ಗೆ 8:20

ಬೇರೆ ಯಾರಾದರೂ ಈ ಮಳೆಗಾಲದಲ್ಲಿ ಹೆಗ್ಗೋಡಿನ ಕಡೆ ಹೋಗುವವರಿದ್ದರೆ: ತಾಳಗುಪ್ಪ ರೈಲಿಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಬಸ್ಸು. ಮಲೆನಾಡಿನ ಜುಲೈ ಮಳೆ ಅಂದರೆ ಕೊಡೆ ಕೇಳುವ ಮಳೆ ಅಲ್ಲ ಮಾರಾಯ್ರೆ. ಅಂಕಪಟ್ಟಿಯನ್ನು, ಅಭಿನಯಕ್ಕೆ ಹಾಕುವ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬೇರೆ ಬೇರೆ ಕಟ್ಟಿ. ಒದ್ದೆ ಪ್ಯಾಂಟಿನಲ್ಲಿ ನೆಲಕ್ಕೆ ಕೂತು ಏಳುವುದು ಬಹಳ ಕಷ್ಟ, ನಾನು ಅನುಭವಿಸಿದ್ದೇನೆ.

ಮಲಪ್ರಭಾ ದಂಡಿ · ನಾಲ್ಕನೇ ಸೋಮವಾರ, ರಾತ್ರಿ 9:30

ಹೋಗಿ ಬಂದೆ. ಎಲ್ಲಾನೂ ಬರೀತೀನಿ, ಮುಂದ ಹೋಗೂ ಹುಡುಗರಿಗೆ ಬೇಕಾಗ್ತೈತಿ.

ಅಜೀಜನ್ನ ಮಾಡ್ದೆ. ಅರ್ಧಕ್ಕ ನಿಲ್ಲಿಸಿ, ‘ಇದನ್ನೇ ಪೂರ್ತಿ ನಿಮ್ಮೂರ ಭಾಷೆಯಲ್ಲಿ ಹೇಳ್ತೀಯಾ?’ ಅಂದ್ರು. ಕೈಕಾಲು ತಣ್ಣಗಾದ್ವು, ಬೆಂಗಳೂರಿಂದು ನೆನಪಾತು. ಎರಡು ಗಳಿಗೆ ಸುಮ್ನ ನಿಂತೆ. ಆಮ್ಯಾಲೆ ಹೇಳಿದೆ. ಹೇಳಕೋತ ಹೋದಂಗ ಅಜೀಜ ನಮ್ಮ ಸಂತ್ಯಾಗಿನ ದಲಾಲಿ ಆದ. ಯಾರೂ ನಗಲಿಲ್ಲ. ಒಬ್ಬ ಮೇಡಂ ಕುರ್ಚಿ ಮುಂದಕ್ಕ ಎಳಕೊಂಡು ಕುಂತ್ರು.

ಹಾಡು ಅಂದಾಗ ಭಾವಗೀತೆ ಸುರು ಮಾಡಿದೆ, ಶ್ರುತಿ ಮ್ಯಾಲೆ ಹೋತು. ಕುಂದಾಪ್ರದ ಅಕ್ಕಾರ ಮಾತು ನೆನಪಾಗಿ ನಿಲ್ಲಿಸಿದೆ. ‘ಸರ್, ಬ್ಯಾರೆ ಹಾಡ್ಲೇನ್ರಿ’ ಅಂತ ಕೇಳಿ ಪಾರಿಜಾತದ ಪದ ಹಾಡಿದೆ. ಅದು ಎಲ್ಲೆ ಹಿಡಿಬೇಕು ಅಂತ ಗಂಟಲಿಗೆ ಗೊತ್ತಿತ್ತು.

ಐದು ಮಂದೀನ ಕೂಡಿಸಿ, ನಡುರಾತ್ರಿ ಕೆಟ್ಟು ನಿಂತ ಬಸ್ಸು ಅಂತ ಸನ್ನಿವೇಶ ಕೊಟ್ರು. ಎಲ್ಲಾರೂ ಒಮ್ಮೆಲೆ ಮಾತಾಡಾಕ ಹತ್ತಿದ್ರು. ರಾಯಚೂರಿನ ಒಬ್ಬಾಕಿ ಕೂಸು ಎತ್ತಿಕೊಂಡಾಕಿ ಆಗಿ ಮೂಲ್ಯಾಗ ಕುಂತಿದ್ಲು, ಆಕಿ ಮಾತು ಯಾರಿಗೂ ಕೇಳಿಸಲಿಲ್ಲ. ನಾ ಹೋಗಿ ಆಕಿಗೆ ನೀರಿನ ಬಾಟ್ಲಿ ಕೊಟ್ಟೆ. ಅಷ್ಟ ಮಾಡಿದ್ದು ನಾನು. ಒಂದ ಮಾತೂ ಆಡಲಿಲ್ಲ, ಅದು ತಪ್ಪಾತೋ ಏನೋ ಇನ್ನೂ ತಿಳೀವಲ್ದು.

ಕಡೀಕ ‘ನಾಟಕ ಯಾಕ?’ ಅಂತ ಕೇಳಿದ್ರು. ಸಮಾಜ, ಸಂಸ್ಕೃತಿ ಅಂತ ಒಂದು ಉತ್ತರ ಬಾಯಿಪಾಠ ಇತ್ತು. ಅದು ಬರಲಿಲ್ಲ. ಉದ್ರಿ ಕೇಳೂ ಅಜ್ಜನ ಸುದ್ದಿ ಹೇಳಿದೆ. ಅಂವ ಹೆಂಗ ನಿಲ್ತಾನ ಅನ್ನೂದನ್ನ ಯಾರರ ಒಬ್ಬರು ಮಂದಿಗೆ ತೋರಸ್ಬೇಕ್ರಿ ಅಂದೆ. ‘ಆತು, ಹೋಗಿ ಊಟ ಮಾಡು’ ಅಂದ್ರು.

ಹಳೇ ಮೇಷ್ಟ್ರು · ನಾಲ್ಕನೇ ಮಂಗಳವಾರ, ಬೆಳಿಗ್ಗೆ 6:05

‘ಭಾರ’ ಹೇಗಿತ್ತಪ್ಪಾ?

ಮಲಪ್ರಭಾ ದಂಡಿ · ನಾಲ್ಕನೇ ಮಂಗಳವಾರ, ಬೆಳಿಗ್ಗೆ 7:10

ಬಂತು ಸರ್. ಎರಡು ಕಡೆ ‘ಧರ್ಮ’ ಸೈತ ಸರಿ ಬಂತು.

ಮೈಸೂರು ಅಪ್ಪ · ನಾಲ್ಕನೇ ಗುರುವಾರ, ಸಂಜೆ 6:00

ಮಗಳ ಜೊತೆ ಹೋಗಿ ಬಂದೆ. ಚಿಲಕ ಹಾಕಿ ತೆಗೆದು ನೋಡಿದೆ. ಅವಳು ಒಳಗಿದ್ದ ಒಂದೂವರೆ ಗಂಟೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಒಳಗಿಂದ ಅವಳ ನಗು ಕೇಳಿಸಿತು. ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು.

ಮಲಪ್ರಭಾ ದಂಡಿ · ಐದನೇ ಶುಕ್ರವಾರ, ಮಧ್ಯಾಹ್ನ 3:45

ಪಟ್ಟಿ ಬಂತು. ಅದರಾಗ ನನ್ನ ಹೆಸರಿಲ್ಲ. ಕಾಯೂ ಪಟ್ಟಿಯೊಳಗ ಎರಡನೇದು ಐತಿ. ರಾಯಚೂರಿನಾಕಿ ಹೆಸರು ಮೊದಲನೇ ಪಟ್ಟಿಯೊಳಗ ಐತಿ, ಅದು ಭಾಳ ಛಲೋ ಆತು.

ಬೆಳಕು ನೆರಳು · ಐದನೇ ಶುಕ್ರವಾರ, ಸಂಜೆ 5:20

ಎರಡನೆಯದು ಅಂದರೆ ದೂರ ಏನಲ್ಲ. ಪ್ರತಿ ವರ್ಷ ಯಾರಾದರೂ ಒಬ್ಬಿಬ್ಬರು ಮನೆ ಒಪ್ಪದೆ, ಕೆಲಸ ಸಿಕ್ಕು, ಬರುವುದಿಲ್ಲ. ಆಗದಿದ್ದರೂ ನಮ್ಮ ತಂಡ ದೀಪಾವಳಿ ಆದ ಮೇಲೆ ಧಾರವಾಡದಲ್ಲಿ ತಾಲೀಮು ಸುರು ಮಾಡುತ್ತದೆ. ಬೆಳಕಿನ ಕೆಲಸಕ್ಕೆ ಒಬ್ಬರು ಬೇಕು, ಸಣ್ಣ ಪಾತ್ರವೂ ಇದೆ. ನನಗೆ ಸಂದೇಶ ಕಳಿಸಿ.

ರಂಗದ ಹಿಂದೆ · ಐದನೇ ಶುಕ್ರವಾರ, ಸಂಜೆ 6:50

ತಮ್ಮಾ, ಫೋನ್ ಸೈಲೆಂಟಿನಲ್ಲಿ ಇಡಬೇಡ. ಅಂಗಡಿಯ ಗದ್ದಲದಲ್ಲಿ ಕೇಳಿಸುವುದಿಲ್ಲ, ಮಾಲೀಕರಿಗೂ ಹೇಳಿಟ್ಟಿರು.

ಮಲಪ್ರಭಾ ದಂಡಿ · ಐದನೇ ಶುಕ್ರವಾರ, ಸಂಜೆ 7:05

ಹೇಳೇನಿ ಅಕ್ಕಾ. ಅವ್ವನ ಕಡೆ ಕೊಟ್ಟೇನಿ ಫೋನು, ಸೆರಗಿನ್ಯಾಗ ಕಟ್ಟಿಕೊಂಡು ತಿರಗಾಕತ್ತಾಳ.